ಯಾರ ಮನೆಯ ಒಪ್ಪಿಗೆ?

ಪ್ರೇಮದ ಹಾಸ್ಯಚಿತ್ರಕ್ಕೆ ಒಂದು ಮನೆ ಬೇಕು. ಮೊದಲು ಒಲ್ಲೆ ಎನ್ನಲು, ಕಡೆಗೆ ಒಪ್ಪಿಕೊಳ್ಳಲು. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಮನೆ ಅಂದರೆ ತೋಟ, ಅಟ್ಟದ ಮೇಲೆ ತಿಂಗಳಾನುಗಟ್ಟಲೆ ಒಣಗುವ ಕೊಬ್ಬರಿ, ಅದಕ್ಕೊಬ್ಬ ವಾರಸುದಾರ. ಕಾಯಿ ಕೆಡವುವವನಿಗೆ, ಸುಲಿಯುವವನಿಗೆ ಆ ಅಟ್ಟವಿಲ್ಲ. ಅವನ ಮಗನೊಬ್ಬ ಇನ್ನೊಬ್ಬ ಹುಡುಗನನ್ನು ಪ್ರೀತಿಸಿದರೆ ಅದು ಎಂಥ ಚಿತ್ರವಾದೀತು?

ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಹೇಳಿದ ಮೇಲೆ ಹಿಂದಿಯಲ್ಲಿ ಇಂಥ ಹಾಸ್ಯಚಿತ್ರಗಳು ಬಂದವು. 'ಶುಭ್ ಮಂಗಲ್ ಜ್ಯಾದಾ ಸಾವಧಾನ್' (2020) ಚಿತ್ರದ ಅಮನ್ ಅಲಹಾಬಾದಿನ ತ್ರಿಪಾಠಿಗಳ ಹುಡುಗ. ಅವನಪ್ಪ ಕಪ್ಪು ಹೂಕೋಸು ಬೆಳೆಸಿದ ವಿಜ್ಞಾನಿ! ನಾನೂ ಬಿದ್ದು ಬಿದ್ದು ನಕ್ಕಿದ್ದೇನೆ, ಸುಳ್ಳೇಕೆ. 'ಬಧಾಯಿ ದೋ' (2022) ಇನ್ನೂ ಸೂಕ್ಷ್ಮ. ಪೊಲೀಸ್ ಶಾರ್ದೂಲ್ ಠಾಕೂರ್, ಪಿ.ಟಿ. ಮೇಡಂ ಸುಮಿ ಲೋಕದ ಕಣ್ಣಿಗೆ ಮದುವೆಯಾಗಿ ತಂತಮ್ಮ ಸಂಗಾತಿಗಳೊಡನೆ ಬದುಕಲು ಹೆಣಗುತ್ತಾರೆ. ಸುಮಿಯ ಗೆಳತಿಯಾಗಿ ಅರುಣಾಚಲದ ಚುಮ್ ದರಂಗ್ ಇದ್ದಾರೆ, ಸಣ್ಣ ಮಾತಲ್ಲ. ಆದರೂ ಒಪ್ಪಿಗೆಯ ಮುದ್ರೆ ಬೀಳುವುದು ಹೋಮದ ಮುಂದೆ, ಮಗುವಿನ ಸಮೇತ. ಕ್ಲಾಸಿನಲ್ಲಿ ಈ ಮಾತು ಬಂದಾಗ ಹಿಂದಿನ ಬೆಂಚಿನವನೊಬ್ಬ, 'ನಮ್ಮ ಕಡೆ ಹುಡುಗ ಹುಡುಗ ಆದ್ರೂ ಒಪ್ಕೊಂಡಾರು ಸಾರ್, ಜಾತಿ ಕೇಳ್ದೆ ಬಿಡ್ತಾರಾ?' ಅಂದ.

ನೀರಜ್ ಘಾಯ್ವಾನ್ ಅವರ 'ಗೀಲಿ ಪುಚ್ಚಿ' (2021) ಆ ಜಾತಿಯನ್ನೇ ಕೇಳುತ್ತದೆ. ಕಾರ್ಖಾನೆಯ ಭಾರತಿ ಮಂಡಲ್ ದಲಿತಳು. ಅವಳಿಗೆ ಸಲ್ಲಬೇಕಾದ ಕುರ್ಚಿ ಪ್ರಿಯಾ ಶರ್ಮಾಳ ಪಾಲಾಗುತ್ತದೆ. ಇಬ್ಬರ ನಡುವೆ ಒಲವೂ ಚಿಗುರುತ್ತದೆ. ಜಾತಿ ತಿಳಿದ ಮೇಲೆ ಪ್ರಿಯಾಳ ಮನೆಯಲ್ಲಿ ಭಾರತಿಗೆ ಟೀ ಬರುವುದು ಸ್ಟೀಲ್ ಲೋಟದಲ್ಲಿ, ಮಿಕ್ಕವರಿಗೆ ಪಿಂಗಾಣಿ ಕಪ್ಪು. ಬೇರೆ ಲೋಟ ಅಂದರೇನೆಂದು ನಮ್ಮ ಕೇರಿಗೆ ಯಾರೂ ವಿವರಿಸಬೇಕಿಲ್ಲ. ಭಾರತಿ ಪ್ರೀತಿ ಬಿಟ್ಟು ಕುರ್ಚಿ ಪಡೆಯುತ್ತಾಳೆ. ಈ ಕತೆ ಹಾಸ್ಯಚಿತ್ರವಾಗಲಾರದು.

ಕನ್ನಡದಲ್ಲಿ ಬಿ.ಎಸ್. ಲಿಂಗದೇವರು ಅವರ 'ನಾನು ಅವನಲ್ಲ... ಅವಳು' 2015ರಲ್ಲಿ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ತಂದಿತು. ಮೂಲ, ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ. ದಲಿತಳೆಂದೂ ಟ್ರಾನ್ಸ್ ಹೆಣ್ಣೆಂದೂ ಬಹಿರಂಗವಾಗಿ ಹೇಳಿಕೊಂಡಾಕೆ, ಹೆಸರಲ್ಲೇ ನಗು ಇಟ್ಟುಕೊಂಡಾಕೆ. ಚಿತ್ರ ನಮ್ಮನ್ನು ಅಳಿಸಿತು. ಆ ಅಳು ನಿಜವಾದುದೇ. ಆದರೆ ಅಳುವ ಪಾತ್ರವನ್ನು ನಮಗೆ ಬಿಟ್ಟುಕೊಡಲು ಸವರ್ಣ ಪ್ರೇಕ್ಷಕನಿಗೆ ಎಂದೂ ಕಷ್ಟವಿಲ್ಲ. ಪ್ರೀತಿಯಲ್ಲಿ ಪೆದ್ದನಾಗಿ, ಸುಳ್ಳು ಹೇಳಿ ಸಿಕ್ಕಿಬಿದ್ದು, ಆಮೇಲೂ ಪ್ರೀತಿಗೆ ಯೋಗ್ಯನಾಗಿ ಉಳಿಯುವ ಸಲುಗೆ ಮಾತ್ರ ತ್ರಿಪಾಠಿ, ಠಾಕೂರರದು.

ಈ ಸಲುಗೆಯನ್ನು ಕಿತ್ತುಕೊಂಡದ್ದು ಪಾ. ರಂಜಿತ್ ಅವರ ತಮಿಳು ಚಿತ್ರ 'ನಚ್ಚತ್ತಿರಂ ನಗರ್ಗಿರದು' (2022). ಅಲ್ಲಿ ಮನೆಯ ಬದಲು ನಾಟಕದ ತಾಲೀಮು ಕೊಠಡಿ. ದಲಿತ ಹುಡುಗಿ ರೆನೆ, ಸಲಿಂಗ ಜೋಡಿಗಳು, ಟ್ರಾನ್ಸ್ ಹೆಣ್ಣು ಎಲ್ಲ ಒಟ್ಟಿಗೇ ಜಗಳಾಡುತ್ತಾರೆ, ಕಿಚಾಯಿಸುತ್ತಾರೆ. ಇಳಯರಾಜಾ ಹಾಡಿಗೂ ಜಗಳ! ಕೊನೆಗೆ ಗದೆ ಹಿಡಿದೊಬ್ಬ ತಾಲೀಮಿಗೆ ನುಗ್ಗಿದಾಗ ಎಲ್ಲರೂ ಸೇರಿ ಎದುರಿಸುತ್ತಾರೆ. ಯಾರಪ್ಪನ ಒಪ್ಪಿಗೆಗೂ ಅವರು ಕಾದು ಕೂತಿಲ್ಲ.