ಚೋಮ ಎರಡು ಸಲ ಸತ್ತ

ಕೆಟ್ಟ ಸಿನಿಮಾ ಅಂದರೆ ಎಲ್ಲರೂ ಮಸಾಲೆ ಚಿತ್ರಗಳನ್ನು ಹೆಸರಿಸುತ್ತಾರೆ. ನನಗೆ ಅತಿ ಹೆಚ್ಚು ನಿರಾಸೆ ತಂದದ್ದು ಸ್ವರ್ಣಕಮಲ ಪಡೆದ ‘ಚೋಮನ ದುಡಿ’ (1975). ವಾಸುದೇವರಾವ್ ಅಭಿನಯದ ಬಗ್ಗೆ ನನ್ನ ತಕರಾರಿಲ್ಲ. ಶಿವರಾಮ ಕಾರಂತರ 1933ರ ಕಾದಂಬರಿಯಲ್ಲಿ ಚೋಮ ಉಳಲು ಭೂಮಿ ಸಿಗದೆ ದುಡಿ ಬಾರಿಸುತ್ತ ಸತ್ತ. ಸಿನಿಮಾ ಬರುವ ಹೊತ್ತಿಗೆ ಬೂಸಾ ಗಲಾಟೆ (1973) ಆಗಿತ್ತು. ‘ಉಳುವವನೇ ಹೊಲದೊಡೆಯ’ ಕಾನೂನು (1974) ಬಂದಿತ್ತು. ಆ ಕಾನೂನು ಗೇಣಿದಾರನಿಗೆ ಒಲಿಯಿತು. ಗೇಣಿಗೂ ಭೂಮಿ ಸಿಗದ ಚೋಮನ ಗತಿ ಏನು? ಬಿ.ವಿ. ಕಾರಂತರ ಚಿತ್ರ ಇದನ್ನು ಕೇಳಲಿಲ್ಲ. ಚೋಮ ಮತ್ತೆ ಹಾಗೇ ಸತ್ತ, ನೋಡಿದವರು ಕಣ್ಣೊರೆಸಿಕೊಂಡರು.

ಕೂಲಿ ಮಾಡುವ ಅಪ್ಪನಿಗೆ ಈ ಸಿನಿಮಾ ತೋರಿಸಿದೆ. “ಸಾಯೋದ್ನ ಚೆಂದಾಗಿ ತೋರ್ಸವ್ರೆ ಕಣ್ಲಾ. ಹೊಲ ಯಾರ ಕೈಲದೆ ಅಂತ ಯಾರ್ ಕೇಳ್ತರೆ?” ಅಂದ.

ತರಗತಿಯಲ್ಲಿ ನಾನೀಗ ಅದನ್ನೇ ಕೇಳುತ್ತಿದ್ದೇನೆ.