ಹರಿತ ಮಾಡಿದವನ ಹೆಸರೆಲ್ಲಿ?

ಹಳೆಯ ಖಡ್ಗಗಳ ಸಂಗ್ರಹವೆಂದೊಡನೆ ನಮಗೆಲ್ಲ ನೆನಪಾಗುವುದು ಟಿಪ್ಪು ಸುಲ್ತಾನರ ಖಡ್ಗ. ಅವರ ಶಯನಾಗಾರದಲ್ಲಿದ್ದ ಖಡ್ಗವೊಂದು 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನ್‌ಹ್ಯಾಮ್ಸ್ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೂ ಮಿಕ್ಕಿ ಮಾರಾಟವಾಯಿತು. ಆ ಬೆಲೆ ಸಂದದ್ದು ಹೆಸರಿಗೆ. ಆದರೆ ಸಾಮಾನ್ಯ ಸಂಗ್ರಾಹಕನ ಗೋಡೆಯ ಮೇಲಿರುವುದು ಸುಲ್ತಾನರ ಖಡ್ಗವಲ್ಲ, ಯಾವನೋ ಹೆಸರಿಲ್ಲದ ಸವಾರನ ಖಡ್ಗ. ಈ ಹವ್ಯಾಸವನ್ನು ವಿಮರ್ಶೆಗೆ ಒಡ್ಡಬೇಕಾದದ್ದು ಅಲ್ಲಿಯೇ.

ಬ್ರಿಟಿಷರ 1796ರ ಮಾದರಿಯ ಲಘು ಅಶ್ವದಳದ ಖಡ್ಗವನ್ನು ನೋಡಿ. ಲೆ ಮರ್ಚಂಟ್ ಎಂಬ ಸೇನಾಧಿಕಾರಿ ರೂಪಿಸಿದ, ತುದಿಯತ್ತ ಅಗಲವಾಗುತ್ತ ಹೋಗುವ ಬಾಗಿದ ಅಲಗು. ನೆಪೋಲಿಯನ್ನನ ವಿರುದ್ಧದ ಯುದ್ಧಗಳಲ್ಲಿ ಬಳಕೆಯಾದ ಇದಕ್ಕೆ ಸಂಗ್ರಾಹಕರಲ್ಲಿ ಇಂದಿಗೂ ಬೇಡಿಕೆಯಿದೆ. ತಯಾರಕನ ಹೆಸರು, ರೆಜಿಮೆಂಟಿನ ಮುದ್ರೆ ಇದ್ದರೆ ಬೆಲೆ ಏರುತ್ತದೆ. ಹಿಡಿ ಬದಲಾಗಿದ್ದರೆ, ಯಾರೋ ಮತ್ತೆ ಸಾಣೆ ಹಿಡಿದಿದ್ದರೆ 'ಮೂಲ ಸ್ಥಿತಿಯಲ್ಲಿಲ್ಲ' ಎಂದು ಬೆಲೆ ಇಳಿಯುತ್ತದೆ.

ಈ ಅಳತೆಗೋಲು ಎಷ್ಟು ಸರಿ? ಕ್ಯಾಪ್ಟನ್ ಲೂಯಿ ನೋಲನ್ ಎಂಬ ಇಂಗ್ಲಿಷ್ ಅಧಿಕಾರಿ ಅಶ್ವದಳವನ್ನು ಕುರಿತು 1853ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಮರುವರ್ಷವೇ ಬಾಲಕ್ಲಾವದ ರಣರಂಗದಲ್ಲಿ ಸತ್ತ. ನಿಜಾಮರ ಸವಾರರು ಒಂದು ಕಾಳಗದಲ್ಲಿ ಮಾಡಿದ ಗಾಯಗಳ ವಿವರ ಕೇಳಿ ತಾನು ಬೆರಗಾದದ್ದನ್ನು ಅವನು ಅದರಲ್ಲಿ ಬರೆದಿದ್ದಾನೆ. ಅವರ ಖಡ್ಗವನ್ನು ನೋಡಿದರೆ, ಇಂಗ್ಲಿಷ್ ಸೈನ್ಯವೇ ಬೇಡವೆಂದು ಕಳೆದಿದ್ದ ಹಳೆಯ ಅಲಗು! ಇಲ್ಲಿನವರು ಅದಕ್ಕೆ ದೇಶೀ ಹಿಡಿ ಕೂರಿಸಿ, ಕ್ಷೌರದ ಕತ್ತಿಯಂತೆ ಸಾಣೆ ಹಿಡಿದು, ಮರದ ಒರೆಯಲ್ಲಿಟ್ಟಿದ್ದರು. ಕಾಳಗಕ್ಕಲ್ಲದೆ ಹೊರತೆಗೆಯುತ್ತಿರಲಿಲ್ಲ. ಇಂಗ್ಲಿಷ್ ಸಿಪಾಯಿಯ ಅಲಗಾದರೋ ಉಕ್ಕಿನ ಒರೆಗೆ ಉಜ್ಜಿ ಉಜ್ಜಿ ಮೊಂಡಾಗುತ್ತಿತ್ತು.

ಅಂದಮೇಲೆ ಸಂಗ್ರಾಹಕ ದೋಷವೆಂದು ಬರೆದುಕೊಳ್ಳುವುದೇ ಆ ಖಡ್ಗದ ನಿಜವಾದ ಚರಿತ್ರೆ. ಕಾರ್ಖಾನೆಯ ಮುದ್ರೆಗೆ ಬೆಲೆ, ಕಸುಬುದಾರನ ಕೈಗುರುತಿಗೆ ಕಡಿತ!

ಸಂಗ್ರಾಹಕರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಅವರಿಲ್ಲದಿದ್ದರೆ ಇಂಥ ಎಷ್ಟೋ ಅಲಗುಗಳು ಗುಜರಿ ಸೇರುತ್ತಿದ್ದವು. ಆದರೆ ಉಳಿಸುವವರು ಏನನ್ನು ಉಳಿಸುತ್ತಿದ್ದೇವೆಂದು ತಿಳಿದಿರಬೇಕು. ಆ ಹರಿತದಿಂದ ಕೈಕಾಲು ಕಳೆದುಕೊಂಡವರೂ ಯಾವುದೋ ತಾಯಿಯ ಮಕ್ಕಳು. ಗೋಡೆಯ ಮೇಲೆ ಹೊಳೆಯುವ ಅಲಗಿನಲ್ಲಿ ಅದು ಕಾಣುವುದಿಲ್ಲ.

ಖಡ್ಗಕ್ಕೆ ಸಾಣೆ ಹಿಡಿದು ಹೊಳಪು ಕೊಡುವವನನ್ನು ಉರ್ದುವಿನಲ್ಲಿ ಸೈಕಲ್‌ಗರ್ ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಆ ಮಾತು ಶಿಕಲಗಾರ ಎಂಬ ಮನೆತನದ ಹೆಸರಾಗಿ ಉಳಿದಿದೆ. ಖಡ್ಗಗಳು ಹೋಗಿ ಅವರ ಪಾಲಿಗೆ ಚಾಕು, ಕತ್ತರಿ ಬಂದವು. ಹಿಡಿ ಬದಲಾದ ಹಳೆಯ ಖಡ್ಗ ಇನ್ನು ಮುಂದೆ ಯಾರ ಕೈಗಾದರೂ ಬಂದರೆ, 'ಮೂಲ ಸ್ಥಿತಿಯಲ್ಲಿಲ್ಲ' ಎಂದು ಬರೆಯುವ ಮುನ್ನ ಆ ಹೆಸರಿಲ್ಲದ ಕಸುಬುದಾರನನ್ನು ಒಮ್ಮೆ ನೆನೆಯಲಿ. ಪಟ್ಟಿಯಲ್ಲಿ ಅವನಿಗೂ ಒಂದು ಸಾಲು ಮೀಸಲಿಡಲಿ.