ಎರಡು ಜನಾಜಗಳು, ಒಂದೇ ಸೆರೆಮನೆ

1970ರ ಅಕ್ಟೋಬರ್ 1ರಂದು ಗಮಾಲ್ ಅಬ್ದುಲ್ ನಾಸರ್ ಅವರ ಜನಾಜದ ಜೊತೆ ಕೈರೋದ ಬೀದಿಗಳಲ್ಲಿ ಲಕ್ಷಾಂತರ ಜನ ಅಳುತ್ತಾ ನಡೆದರು. 1981ರ ಅಕ್ಟೋಬರ್ 10ರಂದು ಅನ್ವರ್ ಸಾದಾತ್ ಅವರ ಅಂತ್ಯಕ್ರಿಯೆಗೆ ಅಮೆರಿಕದ ಮೂವರು ಮಾಜಿ ಅಧ್ಯಕ್ಷರು ಬಂದರು. ಈಜಿಪ್ಟಿನ ಸಾಮಾನ್ಯ ಜನ ಕಾಣಲಿಲ್ಲ. ಈ ಎರಡು ದೃಶ್ಯಗಳನ್ನು ಪಕ್ಕಪಕ್ಕ ಇಟ್ಟು ಒಬ್ಬರನ್ನು ವೀರನೆಂದೂ ಇನ್ನೊಬ್ಬರನ್ನು ದ್ರೋಹಿಯೆಂದೂ ತೀರ್ಪು ಕೊಡುವುದು ನಮ್ಮಲ್ಲಿ ರೂಢಿ. ಲೆಕ್ಕ ಅಷ್ಟು ಸುಲಭವೇ?

ಇಬ್ಬರೂ 1918ರಲ್ಲಿ ಹುಟ್ಟಿದವರು. ಇಬ್ಬರೂ 1952ರ ಜುಲೈನಲ್ಲಿ ದೊರೆ ಫಾರೂಕನನ್ನು ಇಳಿಸಿದ ಸೇನಾಧಿಕಾರಿಗಳ ಗುಂಪಿನವರು. ನಾಸರ್ ಜಮೀನುದಾರರ ಭೂಮಿಗೆ ಮಿತಿ ಹಾಕಿದರು, 1956ರಲ್ಲಿ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಿಸಿದರು, ಬಡವರ ಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದರು. ಆದರೆ 1967ರ ಯುದ್ಧದಲ್ಲಿ ಆರೇ ದಿನಗಳಲ್ಲಿ ಸಿನಾಯ್ ಕೈತಪ್ಪಿತು. ಅದನ್ನು ಮರಳಿ ಪಡೆಯುವ ದಾರಿ ಮಾಡಿದವರು ಸಾದಾತ್. 1973ರಲ್ಲಿ ಯುದ್ಧದಿಂದ, 1979ರಲ್ಲಿ ಒಪ್ಪಂದದಿಂದ.

ನೆಲ ಕಳೆದವರಿಗೆ ಕಣ್ಣೀರು, ಮರಳಿಸಿದವರಿಗೆ ಮೌನ! ಜನ ದಡ್ಡರೇನಲ್ಲ. ನಾಸರ್ ತಮ್ಮವರೆಂದು ರೈತ, ಕೂಲಿಕಾರ ನಂಬಿದ್ದರು. ಸಾದಾತ್ ಅವರ ಮುಕ್ತ ಆರ್ಥಿಕ ನೀತಿಯಲ್ಲಿ ಕೆಲವರು ಕೊಬ್ಬಿದರು. ರೊಟ್ಟಿಯ ಬೆಲೆ ಏರಿಸಲು ಹೊರಟಾಗ, 1977ರ ಜನವರಿಯಲ್ಲಿ, ಬೀದಿಗಳು ಹೊತ್ತಿ ಉರಿದವು. ಅವರ ಶಾಂತಿ ಒಪ್ಪಂದದಲ್ಲಿ ಸಿನಾಯ್ ಸಿಕ್ಕಿತು, ಫೆಲೆಸ್ತೀನಿಯರಿಗೆ ನ್ಯಾಯ ಸಿಗಲಿಲ್ಲ.

ಆದರೆ ಕತೆ ಬರೆಯುವ ನಾವು ಇನ್ನೊಂದು ಕಡೆಯಿಂದಲೂ ನೋಡಬೇಕಾಗುತ್ತದೆ. ಕಾದಂಬರಿಕಾರ ಸೊನಲ್ಲಾ ಇಬ್ರಾಹಿಂ ನಾಸರ್ ಕಾಲದಲ್ಲಿ, 1959ರಿಂದ 1964ರವರೆಗೆ, ಜೈಲಿನಲ್ಲಿದ್ದರು. 1966ರಲ್ಲಿ ಸಯ್ಯದ್ ಕುತುಬ್ ಗಲ್ಲಿಗೇರಿದರು. ಒಬ್ಬರು ಎಡಪಂಥೀಯ, ಇನ್ನೊಬ್ಬರು ಇಖ್ವಾನಿನ ಚಿಂತಕ. 1981ರ ಸೆಪ್ಟೆಂಬರಿನಲ್ಲಿ ಸಾದಾತ್ ಸಾವಿರದೈನೂರಕ್ಕೂ ಹೆಚ್ಚು ಮಂದಿಯನ್ನು ಒಳಗೆ ಹಾಕಿಸಿದರು. ಅವರಲ್ಲಿ ಮೌಲವಿಗಳಿದ್ದರು, ಪಾದ್ರಿಗಳಿದ್ದರು, ಲೇಖಕಿ ನವಾಲ್ ಅಲ್ ಸಅದಾವಿ ಇದ್ದರು. ಧ್ವಜ ಬದಲಾಯಿತು, ಗೆಳೆಯರು ಬದಲಾದರು, ಬೀಗ ಮಾತ್ರ ಅದೇ.

ಸಾದಾತ್ ಅವರ ಇನ್ನೊಂದು ಕೊಡುಗೆಯನ್ನು ಯಾರೂ ನೆನೆಯುವುದಿಲ್ಲ. 1980ರಲ್ಲಿ ಅವರು ಸಂವಿಧಾನ ತಿದ್ದಿ, ಅಧ್ಯಕ್ಷರು ಎಷ್ಟು ಬಾರಿಯಾದರೂ ಮುಂದುವರಿಯಬಹುದೆಂದು ಮಾಡಿದರು. ಮರುವರ್ಷವೇ ಗುಂಡಿಗೆ ಬಲಿಯಾದರು. ಆ ತಿದ್ದುಪಡಿಯ ಫಲ ಉಂಡವರು ಹೋಸ್ನಿ ಮುಬಾರಕ್, 2011ರಲ್ಲಿ ಜನ ತಹ್ರೀರ್ ಚೌಕಕ್ಕೆ ಇಳಿಯುವವರೆಗೆ. ತಾನು ಕುಳಿತ ಕುರ್ಚಿಯಿಂದ ಯಾರೂ ಎಬ್ಬಿಸಬಾರದೆಂದು ಬಯಸಿದ್ದು ನಾಸರ್ ಕೂಡ. ಸಾದಾತ್ ಅದನ್ನು ಕಾಗದದ ಮೇಲೆ ಬರೆದರು, ಅಷ್ಟೇ.

ನಾಸರ್ ದೊಡ್ಡವರೇ. ಸಾದಾತ್ ಎದೆಗಾರಿಕೆಯೂ ಸುಳ್ಳಲ್ಲ. ಆದರೆ ಸಾಮ್ರಾಜ್ಯಶಾಹಿಯ ವಿರುದ್ಧ ಗುಡುಗಿದನೆಂಬ ಒಂದೇ ಕಾರಣಕ್ಕೆ ನಾಯಕನ ಜೈಲುಗಳನ್ನು ಮಾಫಿ ಮಾಡುವ ಚಟ ನಮ್ಮಲ್ಲಿದೆ. ಅವನು ಸತ್ತಾಗ ಎಷ್ಟು ಜನ ಅತ್ತರೆಂದು ಎಣಿಸುತ್ತೇವೆ. ಅವನನ್ನು ಟೀಕಿಸಿದವರು ಆ ರಾತ್ರಿ ತಮ್ಮ ಮನೆಯಲ್ಲೇ ಮಲಗಿದರೇ ಎಂದೂ ಕೇಳೋಣ.